ಮಾತ್ರೆ ಕೊಡುವ ಕೈಗೆ 500 ಗಂಟೆಯ ಕಲಿಕೆ



ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಸಂಘಗಳ ವಾರದ ಸಭೆಗಳಲ್ಲಿ ಒಂದು ಮಾತು ಕೇಳಿಬರುವುದುಂಟು. "ಮಗಳು ಸೈನ್ಸ್ ಮುಗಿಸಿದ್ದಾಳೆ. ಫಾರ್ಮಸಿಗೆ ಸೇರಿಸಿದ್ರೆ ಹೇಗೆ? ಎರಡು ವರ್ಷದಲ್ಲಿ ಮುಗೀತದಂತೆ, ಮೆಡಿಕಲ್ ಶಾಪಿನಲ್ಲಿ ಕೆಲಸ ಸಿಗ್ತದಂತೆ." ಆಲೋಚನೆ ಒಳ್ಳೆಯದೇ. ಆದರೆ ಸಾಲ ತೆಗೆದು ಫೀಸು ಕಟ್ಟುವ ಮೊದಲು ನಾವು ತಿಳಿದಿರಬೇಕಾದ ವಿಷಯ ಒಂದಿದೆ. ಈ ಓದಿನಲ್ಲಿ ಪುಸ್ತಕದಷ್ಟೇ ಮುಖ್ಯವಾದದ್ದು ಔಷಧದ ಕೌಂಟರಿನ ಹಿಂದೆ ನಿಂತು ಕಲಿಯುವ ತರಬೇತಿ. ಇದನ್ನು ಹೆಸರಿಗೆ ಮಾತ್ರ ಮುಗಿಸಿದರೆ ಸರ್ಟಿಫಿಕೇಟು ಸಿಗಬಹುದು, ಕೆಲಸ ಬರುವುದಿಲ್ಲ. ಆ ನಷ್ಟ ಮಗಳಿಗೆ ಮಾತ್ರವಲ್ಲ, ಅವಳ ಕೈಯಿಂದ ಮಾತ್ರೆ ತೆಗೆದುಕೊಳ್ಳುವ ರೋಗಿಗೂ ಆಗುತ್ತದೆ.

ಫಾರ್ಮಸಿಯಲ್ಲಿ ಯಾವ ಯಾವ ಓದು ಇದೆ?

ಸಾಮಾನ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಡಿ.ಫಾರ್ಮ. ಇದು ಡಿಪ್ಲೊಮಾ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ಇಲ್ಲವೇ ಗಣಿತ ಓದಿದವರು ಸೇರಬಹುದು. ಎರಡು ವರ್ಷ ತರಗತಿ, ಆಮೇಲೆ ತರಬೇತಿ. ಮೆಡಿಕಲ್ ಶಾಪ್ ಮತ್ತು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಲು ಇಷ್ಟು ಓದು ಸಾಕು.

ಎರಡನೆಯದು ಬಿ.ಫಾರ್ಮ. ನಾಲ್ಕು ವರ್ಷದ ಪದವಿ. ಔಷಧ ತಯಾರಿಸುವ ಕಾರ್ಖಾನೆ, ಪ್ರಯೋಗಾಲಯಗಳ ಕೆಲಸಕ್ಕೂ ಇದು ದಾರಿ. ಡಿ.ಫಾರ್ಮ ಮುಗಿಸಿದವರು ನೇರವಾಗಿ ಬಿ.ಫಾರ್ಮದ ಎರಡನೇ ವರ್ಷಕ್ಕೆ ಸೇರುವ ಅವಕಾಶವೂ ಇದೆ.

ಮೂರನೆಯದು ಫಾರ್ಮ್.ಡಿ. ನಮ್ಮ ದೇಶದಲ್ಲಿ 2008ರ ನಿಯಮದಿಂದ ಬಂದ ಓದು ಇದು. ಒಟ್ಟು ಆರು ವರ್ಷ. ಕೊನೆಯ ಒಂದು ವರ್ಷ ಪೂರ್ತಿ ಆಸ್ಪತ್ರೆಯಲ್ಲೇ ಇಂಟರ್ನ್‌ಶಿಪ್. ವಾರ್ಡಿನಲ್ಲಿ ಡಾಕ್ಟರ ಜೊತೆ ರೋಗಿಯ ಬಳಿ ಹೋಗಿ, ಕೊಡುತ್ತಿರುವ ಔಷಧ ಸರಿಹೊಂದುತ್ತಿದೆಯೇ ಎಂದು ನೋಡುವುದನ್ನು ಕಲಿಯುತ್ತಾರೆ.

ಹಳ್ಳಿ ಮತ್ತು ಸಣ್ಣ ಪೇಟೆಗಳ ನಮ್ಮ ಕುಟುಂಬಗಳಿಗೆ ಕೈಗೆಟುಕುವಂಥದ್ದು ಡಿ.ಫಾರ್ಮ. ಆದ್ದರಿಂದ ಇಲ್ಲಿ ಅದರ ತರಬೇತಿಯ ಬಗ್ಗೆಯೇ ಹೆಚ್ಚು ಹೇಳುತ್ತೇವೆ.

500 ಗಂಟೆಯ ಲೆಕ್ಕ

ಫಾರ್ಮಸಿ ಓದಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ, 1948ರ ಫಾರ್ಮಸಿ ಕಾಯ್ದೆ. ಅದರ ಕೆಳಗೆ ಭಾರತೀಯ ಫಾರ್ಮಸಿ ಪರಿಷತ್ತು ಓದಿನ ನಿಯಮಗಳನ್ನು ಮಾಡುತ್ತದೆ. ಡಿ.ಫಾರ್ಮಕ್ಕೆ ಮೊದಲು 1991ರ ನಿಯಮ ಇತ್ತು, 2020ರಲ್ಲಿ ಹೊಸ ನಿಯಮ ಬಂತು. ನಿಯಮ ಬದಲಾದರೂ ತರಬೇತಿಯ ಲೆಕ್ಕ ಮಾತ್ರ ಹಾಗೇ ಉಳಿದಿದೆ. ಎರಡನೇ ವರ್ಷದ ಪರೀಕ್ಷೆ ಬರೆದ ಬಳಿಕ ಕನಿಷ್ಠ 500 ಗಂಟೆ ತರಬೇತಿ ಆಗಬೇಕು. ಅದು ಕನಿಷ್ಠ 3 ತಿಂಗಳ ಕಾಲ ನಡೆಯಬೇಕು. ಅದರಲ್ಲಿ 250 ಗಂಟೆಗೆ ಕಡಿಮೆ ಇಲ್ಲದಂತೆ ಡಾಕ್ಟರ ಚೀಟಿ ನೋಡಿ ಔಷಧ ಕೊಡುವ ಕೆಲಸದಲ್ಲೇ ಕಳೆಯಬೇಕು.

ವಾರಕ್ಕೆ 6 ದಿನದಂತೆ 13 ವಾರ ಹೋದರೆ 78 ದಿನ ಆಯಿತು. 500 ಗಂಟೆ ಆಗಲು ದಿನಕ್ಕೆ ಸುಮಾರು ಆರೂವರೆ ಗಂಟೆ ಬೇಕು. ಅಂದರೆ ಬೆಳಿಗ್ಗೆ ಒಂದು ಗಳಿಗೆ ಹೋಗಿ ಸಹಿ ಹಾಕಿ ಬರುವ ಕೆಲಸ ಇದಲ್ಲ. ಪೂರಾ ದಿನದ ಕೆಲಸ ಅಂತಲೇ ತಿಳಿಯಿರಿ.

ತರಬೇತಿ ಎಲ್ಲಿ ಮಾಡಬಹುದು? ಸರ್ಕಾರಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ, ಖಾಸಗಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ, ಇಲ್ಲವೇ ಲೈಸೆನ್ಸ್ ಇರುವ ಮೆಡಿಕಲ್ ಶಾಪಿನಲ್ಲಿ. ಎಲ್ಲಿ ಮಾಡಿದರೂ ಅಲ್ಲಿ ನೋಂದಾಯಿತ ಫಾರ್ಮಾಸಿಸ್ಟ್ ಇರಬೇಕು, ಅವರ ಕೈಕೆಳಗೇ ಕಲಿಯಬೇಕು. ಇದಕ್ಕೆಂದು ಒಂದು ಒಪ್ಪಂದದ ಫಾರಂ ಇದೆ. ತರಬೇತಿ ಮುಗಿದ ಮೇಲೆ ಕಲಿಸಿದವರು ಅದರಲ್ಲಿ ಸಹಿ ಮಾಡಿ ದೃಢೀಕರಿಸಬೇಕು.

ಕೌಂಟರಿನ ಹಿಂದೆ ಏನು ಕಲಿಯಬೇಕು?

"ಮಾತ್ರೆ ತೆಗೆದು ಕೊಡೋದ್ರಲ್ಲಿ ಕಲಿಯೋದು ಏನಿದೆ?" ಎಂದು ಕೆಲವರು ಕೇಳುತ್ತಾರೆ. ಕೆಳಗಿನ ವಿಷಯಗಳನ್ನು ಓದಿ ನೋಡಿ. ಇವು ಫಾರ್ಮಸಿ ಓದುವವರಿಗೆ ಮಾತ್ರವಲ್ಲ, ಔಷಧ ತರಲು ಅಂಗಡಿಗೆ ಹೋಗುವ ನಮಗೂ ಉಪಯೋಗಕ್ಕೆ ಬರುತ್ತವೆ.

1. ಚೀಟಿ ಓದುವುದು. ಡಾಕ್ಟರ ಚೀಟಿಯಲ್ಲಿ ಸಣ್ಣ ಸಣ್ಣ ಅಕ್ಷರಗಳಿರುತ್ತವೆ. ಓ.ಡಿ. ಎಂದರೆ ದಿನಕ್ಕೆ ಒಮ್ಮೆ, ಬಿ.ಡಿ. ಎಂದರೆ ಎರಡು ಸಲ, ಟಿ.ಡಿ.ಎಸ್. ಎಂದರೆ ಮೂರು ಸಲ, ಎಚ್.ಎಸ್. ಎಂದರೆ ಮಲಗುವಾಗ, ಎಸ್.ಓ.ಎಸ್. ಎಂದರೆ ಅಗತ್ಯ ಬಿದ್ದರೆ ಮಾತ್ರ. ಪುಸ್ತಕದಲ್ಲಿ ಇದನ್ನು ಒಂದು ದಿನದಲ್ಲಿ ಬಾಯಿಪಾಠ ಮಾಡಬಹುದು. ಆದರೆ ಹತ್ತು ಡಾಕ್ಟರ ಹತ್ತು ತರದ ಕೈಬರಹ ಓದಲು ದಿನವೂ ನೋಡಿ ನೋಡಿ ಅಭ್ಯಾಸ ಆಗಬೇಕು. ಮೆಟ್‌ಫಾರ್ಮಿನ್, ಮೆಟ್ರೊನಿಡಜೋಲ್ ಎಂಬ ಎರಡು ಹೆಸರು ನೋಡಿ. ಅವಸರದಲ್ಲಿ ಬರೆದರೆ ಎರಡೂ ಒಂದೇ ರೀತಿ ಕಾಣುತ್ತವೆ. ಮೊದಲನೆಯದು ಸಕ್ಕರೆ ಕಾಯಿಲೆಗೆ, ಎರಡನೆಯದು ಆಮಶಂಕೆಯಂಥ ಸೋಂಕಿಗೆ. ಸಂಶಯ ಬಂದರೆ ಊಹಿಸಬಾರದು, ಡಾಕ್ಟರಿಗೆ ಫೋನ್ ಮಾಡಿ ಕೇಳಬೇಕು. ಕೇಳುವುದು ನಾಚಿಕೆಯಲ್ಲ ಎಂಬುದೇ ತರಬೇತಿಯ ಮೊದಲ ಪಾಠ.

2. ಪ್ರಮಾಣ ಪರೀಕ್ಷಿಸುವುದು. ಮಕ್ಕಳ ಜ್ವರದ ಪ್ಯಾರಾಸಿಟಮಾಲ್ ಎಲ್ಲ ಮನೆಯಲ್ಲೂ ಇರುತ್ತದೆ. ಅದು ಸಿರಪ್ಪಾಗಿಯೂ ಬರುತ್ತದೆ, ಡ್ರಾಪ್ಸ್ ಆಗಿಯೂ ಬರುತ್ತದೆ. 5 ಮಿಲಿ ಸಿರಪ್ಪಿನಲ್ಲಿ 125 ಮಿಲಿಗ್ರಾಂ ಇರುವ ಬಾಟಲಿ ಇದೆ, 250 ಇರುವುದೂ ಇದೆ. ಡ್ರಾಪ್ಸಿನಲ್ಲಿ 1 ಮಿಲಿಯಲ್ಲೇ 100 ಮಿಲಿಗ್ರಾಂ ಇರುತ್ತದೆ. 125ರ ಸಿರಪ್ಪು ಕೊಡುವಂತೆ ಡ್ರಾಪ್ಸನ್ನು 5 ಮಿಲಿ ಕುಡಿಸಿದರೆ ಮಗುವಿಗೆ 500 ಮಿಲಿಗ್ರಾಂ ಹೋಯಿತು, ನಾಲ್ಕು ಪಟ್ಟು! ಮಗುವಿನ ತೂಕ ಎಷ್ಟು, ಮನೆಯಲ್ಲಿ ಯಾವ ಬಾಟಲಿ ಇದೆ ಎಂದು ಕೇಳುವ ಅಭ್ಯಾಸ ಕೌಂಟರಿನಲ್ಲೇ ಬರಬೇಕು.

3. ರೋಗಿಗೆ ತಿಳಿಸಿ ಹೇಳುವುದು. ರುಮಟಾಯ್ಡ್ ಎಂಬ ಗಂಟುನೋವಿಗೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರದಲ್ಲಿ ಒಂದೇ ದಿನ ತೆಗೆದುಕೊಳ್ಳಬೇಕು. ತಿಳಿಯದೆ ದಿನವೂ ನುಂಗಿದರೆ ರಕ್ತ ತಯಾರಾಗುವ ಕೆಲಸವೇ ಕುಸಿದು ಜೀವಕ್ಕೆ ಅಪಾಯ ಬರುತ್ತದೆ. ಆದ್ದರಿಂದ "ವಾರಕ್ಕೆ ಒಂದು ದಿನ ಮಾತ್ರ, ಅಜ್ಜಿ. ಯಾವ ದಿನ ಅಂತ ಡಾಕ್ಟರು ಹೇಳಿದ್ದಾರೆ? ಅದನ್ನು ಇಲ್ಲಿ ಬರೆದು ಕೊಡ್ತೇನೆ" ಎಂದು ಹೇಳಬೇಕು. ಅಜ್ಜಿಯ ಬಾಯಿಯಿಂದ ಅದನ್ನು ಮತ್ತೊಮ್ಮೆ ಹೇಳಿಸಬೇಕು. ಈಗಿನ ಡಿ.ಫಾರ್ಮ ಪಾಠದಲ್ಲಿ ರೋಗಿಯ ಜೊತೆ ಹೇಗೆ ಮಾತಾಡಬೇಕು ಎಂಬುದನ್ನು ತರಗತಿಯಲ್ಲೇ ಪಾತ್ರ ಮಾಡಿಸಿ ಕಲಿಸುವುದಿದೆ. ಆದರೆ ಎದುರಿಗೆ ನಿಜವಾದ ರೋಗಿ ಇದ್ದಾಗ, ಹಿಂದೆ ಹತ್ತು ಜನ ಕಾಯುತ್ತಿರುವಾಗ ತಾಳ್ಮೆಯಿಂದ ಹೇಳುವುದು ಬೇರೆಯೇ ಕಲಿಕೆ.

4. ಇನ್ಸುಲಿನ್, ಇನ್‌ಹೇಲರ್ ಮುಂತಾದವನ್ನು ತೋರಿಸಿಕೊಡುವುದು. ನಮ್ಮಲ್ಲಿ ಇನ್ಸುಲಿನ್ ಬಾಟಲಿಗಳು ಹೆಚ್ಚಾಗಿ 1 ಮಿಲಿಗೆ 40 ಯೂನಿಟ್ಟಿನವು, ಪೆನ್ನಿನೊಳಗೆ ಹಾಕುವುದು 100 ಯೂನಿಟ್ಟಿನದು. ಸಿರಿಂಜಿನಲ್ಲೂ ಎರಡು ತರ ಇದೆ. 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನನ್ನು 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ರೋಗಿಗೆ ಹೋಗುವುದು 20 ಅಲ್ಲ, 50 ಯೂನಿಟ್. ಸಕ್ಕರೆ ಪ್ರಮಾಣ ದಿಢೀರ್ ಇಳಿದು ಎಚ್ಚರ ತಪ್ಪಬಹುದು. ಇದನ್ನು ಕೈಯಲ್ಲಿ ಹಿಡಿದು ನೋಡಿದವರು ಮತ್ತೆ ಮರೆಯುವುದಿಲ್ಲ.

5. ದಾಸ್ತಾನು ಇಡುವುದು. ಇನ್ನೂ ತೆರೆಯದ ಇನ್ಸುಲಿನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು, ಆದರೆ ಫ್ರೀಜರಿನಲ್ಲಿ ಇಡಬಾರದು. ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಯಾವುದರ ಅವಧಿ ಮೊದಲು ಮುಗಿಯುತ್ತದೋ ಅದನ್ನು ಮುಂದೆ ಇಟ್ಟು ಮೊದಲು ಕೊಡಬೇಕು. ಪಟ್ಟಿಯಿಂದ ನಾಲ್ಕೇ ಮಾತ್ರೆ ಕತ್ತರಿಸಿ ಕೊಡುವಾಗ ಬ್ಯಾಚ್ ನಂಬರು ಮತ್ತು ಅವಧಿ ಮುದ್ರಿಸಿದ ತುದಿ ಉಳಿಯುವಂತೆ ಇನ್ನೊಂದು ತುದಿಯಿಂದ ಕತ್ತರಿಸಬೇಕು. ಇವೆಲ್ಲ ಸಣ್ಣ ಕೆಲಸಗಳು. ಆದರೆ ಒಳ್ಳೆಯ ಫಾರ್ಮಾಸಿಸ್ಟ್ ಯಾರೆಂದು ಗೊತ್ತಾಗುವುದು ಇಂಥವುಗಳಲ್ಲೇ.

6. ದಾಖಲೆ ಬರೆಯುವುದು. ಕೆಲವು ಔಷಧಗಳನ್ನು ಡಾಕ್ಟರ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಅವುಗಳಲ್ಲಿ ಹೆಚ್ಚು ಎಚ್ಚರ ಬೇಕಾದವನ್ನು ಶೆಡ್ಯೂಲ್ ಎಚ್-1 ಎಂಬ ಪಟ್ಟಿಗೆ ಸೇರಿಸಿದ್ದಾರೆ. ಈ ನಿಯಮ 2014ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಕೆಲವು ಬಲವಾದ ಆಂಟಿಬಯೋಟಿಕ್‌ಗಳು, ಕ್ಷಯರೋಗದ ಔಷಧಗಳು, ನಿದ್ದೆ ಬರಿಸುವ ಕೆಲವು ಮಾತ್ರೆಗಳು ಇದರಲ್ಲಿವೆ. ಇವನ್ನು ಕೊಟ್ಟಾಗ ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು ಮತ್ತು ಎಷ್ಟು ಕೊಟ್ಟಿದ್ದು ಎಂಬುದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕು. ನಾವು ಸಂಘದ ಉಳಿತಾಯ, ಸಾಲದ ಪುಸ್ತಕ ಬರೆಯುತ್ತೇವಲ್ಲ, ಅಷ್ಟೇ ಕಟ್ಟುನಿಟ್ಟು ಇಲ್ಲೂ ಬೇಕು.

ಹೆಸರಿಗೆ ಮಾತ್ರ ತರಬೇತಿ ಬೇಡ

"ತರಬೇತಿಗೆ ಹೋಗುವುದು ಬೇಡ, ಇಷ್ಟು ಕೊಟ್ಟರೆ ಸರ್ಟಿಫಿಕೇಟು ಕೊಡಿಸ್ತೇವೆ" ಎಂದು ಯಾರಾದರೂ ಹೇಳಿದರೆ ಎಚ್ಚರ. ಮೂರು ತಿಂಗಳ ಬಸ್ಸು ಖರ್ಚು ಉಳಿಯಿತು, ಮನೆಕೆಲಸಕ್ಕೆ ಒಂದು ಕೈ ಆಯಿತು ಎಂದು ಆಸೆ ಆಗಬಹುದು. ಆದರೆ ನಾಳೆ ಮಗಳು ಕೆಲಸಕ್ಕೆ ಸೇರಿ ಕೌಂಟರಿನಲ್ಲಿ ನಿಂತಾಗ ಚೀಟಿ ಓದಲು ಬರದಿದ್ದರೆ ಏನಾಗುತ್ತದೆ? ಎರಡೇ ದಿನದಲ್ಲಿ ಮಾಲೀಕರಿಗೆ ಗೊತ್ತಾಗುತ್ತದೆ. ಗೊತ್ತಾಗದೆ ಹೋದರೆ ಇನ್ನೂ ಕಷ್ಟ, ತಪ್ಪು ಔಷಧ ಯಾರದ್ದೋ ಮನೆ ಸೇರುತ್ತದೆ. ಮಾಡದ ತರಬೇತಿಗೆ ಸಹಿ ಹಾಕಿಸಿಕೊಳ್ಳುವುದು ಸುಳ್ಳು ದಾಖಲೆಯೂ ಹೌದು.

ಇದರ ಜೊತೆಗೇ ಬರುವ ಇನ್ನೊಂದು ಆಮಿಷ ಸರ್ಟಿಫಿಕೇಟನ್ನು ಬಾಡಿಗೆಗೆ ಕೊಡುವುದು. ಅಂಗಡಿಯ ಗೋಡೆಯಲ್ಲಿ ಮಗಳ ಹೆಸರು, ತಿಂಗಳಿಗೆ ಇಷ್ಟು ದುಡ್ಡು, ಮಗಳು ಮಾತ್ರ ಮನೆಯಲ್ಲಿ. ಕೌಂಟರಿನಲ್ಲಿ ಔಷಧ ಕೊಡುವವರು ಓದದೇ ಇರುವವರು. ಡಾಕ್ಟರ ಚೀಟಿಗೆ ಔಷಧ ಕೊಡುವ ಕೆಲಸ ನೋಂದಾಯಿತ ಫಾರ್ಮಾಸಿಸ್ಟರದ್ದು ಎಂದು 1948ರ ಕಾಯ್ದೆಯ 42ನೇ ಕಲಂ ಹೇಳುತ್ತದೆ. ಮೀರಿದರೆ ಅದು ಶಿಕ್ಷೆಗೆ ಒಳಗಾಗುವ ಅಪರಾಧ. ಹೆಸರು ಬಾಡಿಗೆಗೆ ಕೊಟ್ಟವರ ನೋಂದಣಿಗೂ ಕುತ್ತು ಬರಬಹುದು. ಅಲ್ಲಿ ನಡೆಯುವ ಪ್ರತಿ ತಪ್ಪಿಗೂ ಗೋಡೆಯಲ್ಲಿರುವ ಹೆಸರು ಉತ್ತರ ಹೇಳಬೇಕಾಗುತ್ತದೆ. ಎರಡು ವರ್ಷ ಓದಿಸಿದ್ದು ಇದಕ್ಕಲ್ಲ.

ತರಬೇತಿಯ ಜಾಗ ಆರಿಸುವಾಗ

ಕಾಲೇಜಿನವರು ಜಾಗ ತೋರಿಸಬಹುದು, ಇಲ್ಲವೇ ನೀವೇ ಹುಡುಕಿ ಕಾಲೇಜಿನ ಒಪ್ಪಿಗೆ ಪಡೆಯಬಹುದು. ಹೇಗಾದರೂ ಸರಿ, ಮೊದಲು ಒಮ್ಮೆ ಹೋಗಿ ನೋಡಿ ಬನ್ನಿ.

- ಫಾರ್ಮಾಸಿಸ್ಟ್ ದಿನವೂ ಅಲ್ಲಿ ಇರುತ್ತಾರಾ? ಅವರ ನೋಂದಣಿ ಪತ್ರ ಗೋಡೆಯಲ್ಲಿ ಇದೆಯಾ? 2015ರ ನಿಯಮದ ಪ್ರಕಾರ ಫಾರ್ಮಾಸಿಸ್ಟರು ಏಪ್ರನ್ ಹಾಕಿ ಹೆಸರು, ನೋಂದಣಿ ಸಂಖ್ಯೆಯ ಬ್ಯಾಡ್ಜ್ ಧರಿಸಬೇಕು.
- ಡಾಕ್ಟರ ಚೀಟಿ ಹಿಡಿದು ಬರುವ ಜನ ಸಾಕಷ್ಟು ಇದ್ದಾರಾ? ಸೋಪು, ಪೌಡರು ಮಾರುವುದೇ ಹೆಚ್ಚಾದ ಅಂಗಡಿಯಲ್ಲಿ 250 ಗಂಟೆ ಚೀಟಿ ಓದಲು ಸಿಗುವುದಿಲ್ಲ.
- ಫ್ರಿಜ್ಜು ಇದೆಯಾ, ರಿಜಿಸ್ಟರ್ ಬರೆಯುತ್ತಾರಾ, ಬಿಲ್ಲು ಕೊಡುತ್ತಾರಾ?
- ಮನೆಯಿಂದ ಹೋಗಿಬರಲು ಬಸ್ಸು ಇದೆಯಾ? ಸಂಜೆ ಎಷ್ಟು ಹೊತ್ತಿಗೆ ಬಿಡುತ್ತಾರೆ? ಹೆಣ್ಣುಮಕ್ಕಳಿಗೆ ಶೌಚಾಲಯ ಇದೆಯಾ?

ತರಬೇತಿ ಎಂದರೆ ಸಂಬಳದ ಕೆಲಸ ಅಲ್ಲ. ಏನಾದರೂ ಕೊಟ್ಟರೆ ಸಂತೋಷ, ಆದರೆ ಅದನ್ನೇ ನಂಬಿ ಲೆಕ್ಕ ಹಾಕಬೇಡಿ. ಮೂರು ತಿಂಗಳ ಬಸ್ಸು ಮತ್ತು ಊಟದ ಖರ್ಚನ್ನು ಸಾಲದ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳಿ.

ವಾರಕ್ಕೊಮ್ಮೆ ಮಗಳನ್ನು ಕೇಳಿ

ನಾವು ಓದಿಲ್ಲ, ನಮಗೇನು ಗೊತ್ತಾಗುತ್ತದೆ ಎಂದು ಸುಮ್ಮನಿರಬೇಡಿ. ರಾತ್ರಿ ಊಟಕ್ಕೆ ಕೂತಾಗ ಕೇಳಲು ನಾಲ್ಕು ಪ್ರಶ್ನೆ ಸಾಕು.

ಈ ವಾರ ಎಷ್ಟು ಗಂಟೆ ಆಯಿತು? ಎಷ್ಟು ಚೀಟಿ ನೀನೇ ಓದಿದೆ? ಯಾವ ಹೊಸ ಔಷಧ ತಿಳಿದೆ? ಯಾವ ವಿಷಯ ಅರ್ಥ ಆಗಲಿಲ್ಲ, ಯಾರನ್ನು ಕೇಳಿದೆ?

ಮಗಳು ಒಂದು ಸಣ್ಣ ನೋಟ್‌ಪುಸ್ತಕ ಇಟ್ಟು ದಿನಾಂಕ, ಗಂಟೆ, ಕಲಿತದ್ದು ಬರೆಯಲಿ. ವಾರದ ಕೊನೆಗೆ ಕಲಿಸುವವರ ಸಹಿ ಪಡೆಯಲಿ. ಕೊನೆಗೆ ಫಾರಂ ತುಂಬುವಾಗ ಗಂಟೆಯ ಲೆಕ್ಕಕ್ಕೆ ತಕರಾರು ಬರುವುದಿಲ್ಲ.

"ಬರೀ ಕಸ ಗುಡಿಸೋದು, ಡಬ್ಬ ಹೊರೋದು, ಟೀ ತರೋದು" ಎಂದು ಮಗಳು ಹೇಳಿದರೆ ಏನು ಮಾಡಬೇಕು? ಮೊದಲ ಒಂದೆರಡು ವಾರ ಡಬ್ಬ ಜೋಡಿಸಿದರೆ ತಪ್ಪಿಲ್ಲ, ಔಷಧದ ಹೆಸರು, ಜಾಗ ಗೊತ್ತಾಗುವುದು ಹಾಗೆಯೇ. ಆದರೆ ತಿಂಗಳು ಕಳೆದರೂ ಚೀಟಿ ಕೈಗೆ ಕೊಡದಿದ್ದರೆ ಮೊದಲು ಅಲ್ಲಿನ ಫಾರ್ಮಾಸಿಸ್ಟರ ಹತ್ತಿರ ಮರ್ಯಾದೆಯಿಂದ ಕೇಳಿ: "ಸರ್, ಅರ್ಧ ಗಂಟೆಗಳಾದರೂ ಚೀಟಿ ನೋಡಿ ಔಷಧ ಕೊಡೋದು ಕಲಿಯಬೇಕು ಅಂತ ನಿಯಮ ಇದೆಯಲ್ಲ?" ಸರಿಹೋಗದಿದ್ದರೆ ಕಾಲೇಜಿನ ಪ್ರಿನ್ಸಿಪಾಲರಿಗೆ ಬರೆದು ಕೊಡಿ, ಜಾಗ ಬದಲಿಸಿ ಕೊಡಲು ಕೇಳಿ. ಹಾಗೆಯೇ ಇನ್ನೊಂದು ಕಡೆಯೂ ನೋಡಬೇಕು. ಫಾರ್ಮಾಸಿಸ್ಟ್ ಹೊರಗೆ ಹೋಗಿ ತರಬೇತಿಯ ಹುಡುಗಿ ಒಬ್ಬಳನ್ನೇ ಔಷಧ ಕೊಡಲು ಬಿಡುವುದೂ ಸರಿಯಲ್ಲ. ಅವಳು ತೆಗೆದಿಟ್ಟ ಔಷಧವನ್ನು ರೋಗಿಗೆ ಕೊಡುವ ಮೊದಲು ಕಲಿಸುವವರು ಒಮ್ಮೆ ನೋಡಲೇಬೇಕು.

ಕೆಲಸದ ಜಾಗದಲ್ಲಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಸಹಿಸಿಕೊಂಡು ಮೂರು ತಿಂಗಳು ಮುಗಿಸು ಎಂದು ಹೇಳಬೇಡಿ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ತರಬೇತಿಗೆ ಬಂದವರಿಗೂ ಅನ್ವಯಿಸುತ್ತದೆ. ಹತ್ತು ಜನರಿಗಿಂತ ಕಡಿಮೆ ಕೆಲಸಗಾರರಿರುವ ಸಣ್ಣ ಅಂಗಡಿಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮಹಿಳಾ ಸಹಾಯವಾಣಿ 181ಕ್ಕೂ ಕರೆ ಮಾಡಬಹುದು.

ತರಬೇತಿ ಮುಗಿದ ಮೇಲೆ

ಓದು ಮತ್ತು ತರಬೇತಿ ಮುಗಿದ ಮೇಲೂ ಕೂಡಲೇ ಫಾರ್ಮಾಸಿಸ್ಟ್ ಆಗುವುದಿಲ್ಲ. ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. 2022ರಲ್ಲಿ ಡಿ.ಫಾರ್ಮದವರಿಗೆ ನಿರ್ಗಮನ ಪರೀಕ್ಷೆಯ ನಿಯಮ ಬಂತು. ಮೂರು ಪತ್ರಿಕೆ, ಪ್ರತಿಯೊಂದರಲ್ಲೂ ಶೇಕಡಾ 50 ಅಂಕ ಬೇಕು. ಮೊದಲ ಪರೀಕ್ಷೆ 2024ರ ಅಕ್ಟೋಬರಿನಲ್ಲಿ ನಡೆಯಿತು. ಪರೀಕ್ಷೆಯ ನಿಯಮಗಳು ಬದಲಾಗಬಹುದಾದ್ದರಿಂದ ಮಗಳು ಸೇರುವ ವರ್ಷ ಏನಿದೆ ಎಂದು ಪರಿಷತ್ತಿನಲ್ಲೇ ಕೇಳಿ ತಿಳಿಯಿರಿ. ಚೀಟಿ ಓದಿ, ಔಷಧ ಗುರುತಿಸಿ, ರೋಗಿಯ ಜೊತೆ ಮಾತಾಡಿ ಪಳಗಿದವರಿಗೆ ಇಂಥ ಪರೀಕ್ಷೆ ಅಷ್ಟು ಹೆದರಿಕೆ ಹುಟ್ಟಿಸುವುದಿಲ್ಲ.

ನೋಂದಣಿ ಆದ ಮೇಲೆ ಮೆಡಿಕಲ್ ಶಾಪ್, ಆಸ್ಪತ್ರೆಗಳಲ್ಲಿ ಕೆಲಸ ಹುಡುಕಬಹುದು. ಸರ್ಕಾರಿ ಹುದ್ದೆ ಕರೆದಾಗ ಅರ್ಜಿ ಹಾಕಬಹುದು. ಸ್ವಂತ ಅಂಗಡಿಗೆ ಔಷಧ ನಿಯಂತ್ರಣ ಇಲಾಖೆಯಿಂದ ಲೈಸೆನ್ಸ್ ಪಡೆಯಬೇಕು. ಜನೌಷಧಿ ಕೇಂದ್ರಕ್ಕೂ ಡಿ.ಫಾರ್ಮ ಇಲ್ಲವೇ ಬಿ.ಫಾರ್ಮ ಆದವರೇ ಬೇಕು. ಆದರೆ ಯಾವ ಅಂಗಡಿ ತೆರೆಯುವ ಮೊದಲೂ ಎರಡು ವರ್ಷವಾದರೂ ಬೇರೆಯವರ ಕೈಕೆಳಗೆ ದುಡಿದು ಅನುಭವ ಪಡೆಯುವುದು ಒಳ್ಳೆಯದು.

ಸಾಲ ಮಂಜೂರು ಮಾಡುವ ಮೊದಲು ಸಂಘ ನೋಡಬೇಕಾದ್ದು

- ಆ ಕಾಲೇಜಿಗೆ ಈ ವರ್ಷಕ್ಕೆ ಭಾರತೀಯ ಫಾರ್ಮಸಿ ಪರಿಷತ್ತಿನ ಮಾನ್ಯತೆ ಇದೆಯೇ? ಮಾನ್ಯತೆ ಇಲ್ಲದ ಕಡೆ ಓದಿದರೆ ನೋಂದಣಿ ಆಗುವುದಿಲ್ಲ, ಕಟ್ಟಿದ ಫೀಸು ನೀರಿನಲ್ಲಿ ಹೋಮ ಮಾಡಿದಂತೆ. ಬಾಯಿಮಾತು ನಂಬಬೇಡಿ, ಪತ್ರ ನೋಡಿ.
- ಎರಡು ವರ್ಷದ ಪೂರ್ತಿ ಫೀಸು ಎಷ್ಟು? ಪರೀಕ್ಷೆ, ಪುಸ್ತಕ, ಏಪ್ರನ್, ಹಾಸ್ಟೆಲ್ ಸೇರಿ ಬರೆಸಿಕೊಳ್ಳಿ.
- ತರಬೇತಿಗೆ ಎಲ್ಲಿಗೆ ಕಳಿಸುತ್ತಾರೆ? ಕಳೆದ ವರ್ಷ ಹೋದ ಒಬ್ಬಿಬ್ಬರು ವಿದ್ಯಾರ್ಥಿನಿಯರನ್ನು ಮಾತಾಡಿಸಿ.
- ಸಾಲವನ್ನು ಒಂದೇ ಸಲ ಕೊಡದೆ ಕಂತಿನಲ್ಲಿ ಕೊಡಿ. ಒಂದು ಕಂತು ತರಬೇತಿಯ ಮೂರು ತಿಂಗಳಿಗೆ ಮೀಸಲಿರಲಿ.
- ಎಲ್ಲವನ್ನೂ ನಡಾವಳಿ ಪುಸ್ತಕದಲ್ಲಿ ಬರೆಯಿರಿ.

ಮುಂದಿನ ಸಭೆಯಲ್ಲಿ ಚರ್ಚಿಸಲು

1. ನಮ್ಮ ಊರಿನ ಮೆಡಿಕಲ್ ಶಾಪಿನಲ್ಲಿ ಔಷಧ ಕೊಡುವವರು ನೋಂದಾಯಿತ ಫಾರ್ಮಾಸಿಸ್ಟರೇ? ನಾವು ಎಂದಾದರೂ ಕೇಳಿದ್ದೇವೆಯೇ?
2. ಔಷಧ ತರುವಾಗ ಬಿಲ್ಲು ಪಡೆದು, ಅವಧಿ ನೋಡಿ, ಹೇಗೆ ತೆಗೆದುಕೊಳ್ಳಬೇಕೆಂದು ಕೇಳುತ್ತೇವೆಯೇ?
3. ನಮ್ಮ ಸಂಘದ ಮನೆಗಳಲ್ಲಿ ಫಾರ್ಮಸಿ ಓದುವ ಮಕ್ಕಳಿದ್ದರೆ, ಒಂದು ಸಭೆಗೆ ಕರೆದು ಇನ್ಸುಲಿನ್ ಸಿರಿಂಜು, ಮಕ್ಕಳ ಸಿರಪ್ಪಿನ ಅಳತೆ ತೋರಿಸಿಕೊಡಲು ಹೇಳಬಹುದೇ?

ಮೂರನೆಯದನ್ನು ತಪ್ಪದೆ ಮಾಡಿ ನೋಡಿ. ನಮಗೆ ಅಳತೆ ತಿಳಿಯುತ್ತದೆ, ಹುಡುಗಿಗೆ ಜನರೆದುರು ಬಿಡಿಸಿ ಹೇಳುವ ಧೈರ್ಯ ಬರುತ್ತದೆ.